ಅಪ್‌ಡೇಟ್: ಕವನದ ಸಾಲುಗಳು ಈಗ ಸಾಲಾಗಿಯೇ ಕಾಣುತ್ತಿವೆ

ಟೆಕ್ಸ್ಟ್‌ಏರಿಯಾದಲ್ಲಿ (ಫಾರ್ಮ್‌ನಲ್ಲಿ ಹಲವು ಸಾಲು ಬರೆಯುವ ಪೆಟ್ಟಿಗೆ) ಬರೆದು ಕಳಿಸಿದ ಕವನ ಪುಟದಲ್ಲಿ ಒಂದೇ ಉದ್ದ ಸಾಲಾಗುತ್ತದೆ, 500 ಅಕ್ಷರಗಳ ಮಿತಿಯೊಳಗಿದ್ದರೂ ಸರ್ವರ್ ಕೆಲವನ್ನು ತಿರಸ್ಕರಿಸುತ್ತದೆ ಎಂದು ಕೇಳಿದ್ದೆ. ಎರಡೂ ಬಗೆಹರಿದಿವೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಮೊದಲನೆಯದು ಸುಲಭ. ಡೇಟಾಬೇಸ್‌ನಲ್ಲಿ ಸಾಲುಗಳು ಸರಿಯಾಗಿಯೇ ಇದ್ದವು; ಎಚ್‌ಟಿಎಂಎಲ್ ಸಾಲುಮುರಿತಗಳನ್ನು ಬರೀ ಖಾಲಿ ಜಾಗವೆಂದು ತೋರಿಸುತ್ತಿತ್ತು. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ವೈಟ್-ಸ್ಪೇಸ್ ಎಂಬ ಗುಣಕ್ಕೆ ಪ್ರೀ-ರ‍್ಯಾಪ್ ಕೊಟ್ಟೆ; ಅದು ಸಾಲು, ಜಾಗ ಎರಡನ್ನೂ ಬರೆದಂತೆಯೇ ಉಳಿಸುತ್ತದೆ. ಪ್ರೀ-ಲೈನ್ ಕೂಡ ಸಾಲು ಮುರಿಯುತ್ತದೆ, ಆದರೆ ಸಾಲಿನ ಆರಂಭದ ಜಾಗವನ್ನು ನುಂಗುತ್ತದೆ. ಕವಿ ಬೇಕೆಂದೇ ಒಳಗೆ ತಳ್ಳಿ ಬರೆದ ಸಾಲಿಗೆ ಅದು ಅನ್ಯಾಯ. ಒಂದು ಎಚ್ಚರಿಕೆ: ಟೆಂಪ್ಲೇಟ್‌ನಲ್ಲಿ ಟ್ಯಾಗ್ ಮತ್ತು ಪಠ್ಯದ ನಡುವೆ ಎಂಟರ್ ಒತ್ತಿದ್ದರೆ ಅದೂ ಖಾಲಿ ಸಾಲಾಗಿ ಕಾಣುತ್ತದೆ.

ಬಿಆರ್ (ಸಾಲು ಮುರಿಯುವ) ಟ್ಯಾಗ್ ಹಾಕುವ ಸಲಹೆಯೂ ಬಂದಿತ್ತು. ಹಾಗೆ ಮಾಡುವವರು ಮೊದಲು ಪಠ್ಯವನ್ನು ಎಸ್ಕೇಪ್ ಮಾಡಿ (ಅಂದರೆ < ನಂಥ ಚಿಹ್ನೆ ಟ್ಯಾಗ್ ಆಗದೆ ಬರೀ ಅಕ್ಷರವಾಗಿ ಕಾಣುವಂತೆ ಬದಲಿಸಿ), ಆಮೇಲಷ್ಟೇ ಟ್ಯಾಗ್ ಸೇರಿಸಿ. ಎಸ್ಕೇಪ್ ಬಿಟ್ಟರೆ ಯಾರು ಬೇಕಾದರೂ ನಿಮ್ಮ ಪುಟದಲ್ಲಿ ಸ್ಕ್ರಿಪ್ಟ್ ಓಡಿಸಬಹುದು.

ನಿಜವಾಗಿ ತಲೆ ತಿಂದಿದ್ದು ಎರಡನೆಯದು. ಬ್ರೌಸರ್‌ನ ಮ್ಯಾಕ್ಸ್‌ಲೆಂಗ್ತ್ (ಅಕ್ಷರಗಳ ಗರಿಷ್ಠ ಮಿತಿ) ಪ್ರತಿ ಸಾಲುಮುರಿತವನ್ನು ಒಂದೇ ಅಕ್ಷರವಾಗಿ ಎಣಿಸುತ್ತದೆ. ಫಾರ್ಮ್ ಸಬ್‌ಮಿಟ್ ಆಗುವಾಗ ಮಾತ್ರ ಅದು ಸಿಆರ್ (ಕ್ಯಾರೇಜ್ ರಿಟರ್ನ್), ಎಲ್‌ಎಫ್ (ಲೈನ್ ಫೀಡ್) ಎಂಬ ಕಣ್ಣಿಗೆ ಕಾಣದ ಎರಡು ಅಕ್ಷರಗಳಾಗುತ್ತದೆ. 20 ಕಡೆ ಸಾಲು ಮುರಿದ 490 ಅಕ್ಷರಗಳ ಕವನ ಸರ್ವರ್‌ನಲ್ಲಿ 510 ಆಗುತ್ತಿತ್ತು! ಜಾವಾಸ್ಕ್ರಿಪ್ಟ್‌ನಿಂದ ಜೇಸನ್ (ಡೇಟಾ ಕಳಿಸುವ ಒಂದು ಪಠ್ಯರೂಪ) ಆಗಿ ಕಳಿಸಿದಾಗ ಈ ಬದಲಾವಣೆ ಇಲ್ಲ, ಹಾಗಾಗಿಯೇ ಹೀಗೆ ಕಳಿಸುವ ಮೊಬೈಲ್ ಆವೃತ್ತಿಯಲ್ಲಿ ದೋಷ ಕಾಣಲಿಲ್ಲ. ಈಗ ಸರ್ವರ್‌ನಲ್ಲಿ ಮೊದಲು ಎಲ್ಲವನ್ನೂ ಎಲ್‌ಎಫ್‌ಗೆ ತಂದು, ನಂತರ ಉದ್ದ ಎಣಿಸಿ ಉಳಿಸುತ್ತಿದ್ದೇನೆ. ಹಳೆಯ ದಾಖಲೆಗಳನ್ನೂ ಹಾಗೆಯೇ ಪರಿವರ್ತಿಸಿದೆ.