ಡಿಜೆ ಕಂಟ್ರೋಲರ್: ದುಬೈಯಿಂದ ತರಿಸುವುದೋ, ಇಲ್ಲಿಯೇ ಕೊಳ್ಳುವುದೋ?

ಕಾರಟಗಿಯ ಹುಡುಗ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಬೇರೆಯವರ ಸೌಂಡ್ ಸೆಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಮದುವೆ, ಸೀಮಂತ, ಗಣೇಶನ ಮೆರವಣಿಗೆಗಳಿಗೆ ಹಾಡು ಹಾಕುತ್ತಿದ್ದೇನೆ. ಈ ಸಲ ಭತ್ತ ಮಾರಿದ ದುಡ್ಡಿನಲ್ಲಿ ಅಪ್ಪ 60,000 ರೂಪಾಯಿ ಕೊಡಲು ಒಪ್ಪಿದ್ದಾರೆ. ದುಬೈಯಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ದೀಪಾವಳಿಗೆ ಊರಿಗೆ ಬರುತ್ತಾನೆ. ಅಲ್ಲಿ ಎಲ್ಲವೂ ಅಗ್ಗ ಎನ್ನುತ್ತಾನೆ. ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡುಗಳನ್ನು ಕೈಯಿಂದ ಬೆರೆಸಿ ಹಾಕುವ ಯಂತ್ರ), ಮಿಕ್ಸರ್, ಒಂದು ಜೊತೆ ಸ್ಪೀಕರ್ ಅವನಿಂದಲೇ ತರಿಸಿದರೆ ಹೇಗೆ? ತಿಳಿದವರು ದಾರಿ ತೋರಿಸಬೇಕು.

ರಾಯಚೂರು ಸೌಂಡ್‌ನವರು:
ತಮ್ಮಾ, ಬೇಡ. ಹದಿನೆಂಟು ವರ್ಷಗಳಿಂದ ಇದೇ ಕಸುಬಿನಲ್ಲಿದ್ದೇನೆ. ನಮ್ಮ ಬಂಧುಗಳೊಬ್ಬರು ಅಮೆರಿಕದಿಂದ ಬರುವಾಗ ಪ್ರೀತಿಯಿಂದ ಒಂದು ಮಿಕ್ಸರ್ ತಂದುಕೊಟ್ಟಿದ್ದರು. ಮಾನ್ವಿಯ ಒಂದು ಮದುವೆಯಲ್ಲಿ, ಅಕ್ಷತೆಗೆ ಇನ್ನು ಅರ್ಧ ಗಂಟೆ ಇರುವಾಗ, ಪಿನ್ ಬದಲಾಯಿಸುವ ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಒತ್ತಿದೆ. ಒಳಗೆ ಟಪ್ಪೆಂದಿತು, ವಾರ್ನಿಷ್ ಸುಟ್ಟ ವಾಸನೆ ವೇದಿಕೆಯ ತುಂಬ ಹರಡಿತು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 120 ವೋಲ್ಟ್ ಎಂದು ಬರೆದದ್ದನ್ನು ನಾನು ಓದಿರಲಿಲ್ಲ. ನಮ್ಮಲ್ಲಿ ಬರುವುದು 230. ಅಂದು ಊರಿನ ಶಾಮಿಯಾನದವರು ತಮ್ಮ ಹಳೆಯ ಅಹುಜಾ ಆಂಪ್ಲಿಫೈಯರ್ ಕೊಟ್ಟಿದ್ದರಿಂದ ಮಾನ ಉಳಿಯಿತು. ಮುಹೂರ್ತವನ್ನು ಯಾರೂ ನಮಗಾಗಿ ಮುಂದಕ್ಕೆ ಹಾಕುವುದಿಲ್ಲ. ಕೆಟ್ಟರೆ ಬೆಳಗಾಗುವುದರೊಳಗೆ ರಿಪೇರಿಯಾಗುವ ಸಾಮಾನೇ ನಮಗೆ ಅಗ್ಗದ ಸಾಮಾನು.

ಕೌಲ್‌ಬಜಾರಿನಿಂದ:
ಅಣ್ಣನವರ ಮಾತಿಗೆ ಗೌರವವಿದೆ, ಆದರೆ ಅಮೆರಿಕದ ಲೆಕ್ಕವನ್ನು ದುಬೈಗೆ ಹಚ್ಚುವುದು ಸರಿಯಲ್ಲ. ದುಬೈಯಲ್ಲೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಪಿನ್ ಮಾತ್ರ ಚೌಕಾಕಾರದ್ದು. ಅದಕ್ಕಿಂತ ಮುಖ್ಯವಾಗಿ, ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4ನಂತಹ ಎರಡು ಚಾನೆಲ್‌ಗಳ ಕಂಟ್ರೋಲರ್ ಗೋಡೆಯ ಕರೆಂಟನ್ನೇ ಮುಟ್ಟುವುದಿಲ್ಲ, ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ನಡೆಯುತ್ತದೆ. ಅಡಾಪ್ಟರ್ ಬೇಕಾಗುವ ಯಂತ್ರವಾದರೂ, ಅದರ ಮೇಲೆ ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಹೆದರಬೇಕಾಗಿಲ್ಲ.

ಸುಂಕದ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ವಿದೇಶದಿಂದ ವಿಮಾನದಲ್ಲಿ ಬರುವವರಿಗೆ 2016ರ ಬ್ಯಾಗೇಜ್ ನಿಯಮಗಳು 50,000 ರೂಪಾಯಿವರೆಗೆ ಸುಂಕದ ವಿನಾಯಿತಿ ಕೊಟ್ಟವು. ಇಂತಹ ಮಿತಿಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಈಗ ಎಷ್ಟಿದೆಯೆಂದು ನಿಮ್ಮ ತಮ್ಮ ಹೊರಡುವ ಮೊದಲೇ ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಲಿ. ಮನೆಯವರಿಗೆ ತರುವ ಉಡುಗೊರೆಗಳೂ ಅದೇ ಮಿತಿಯೊಳಗೆ ಬರುತ್ತವೆ. ಕೊರಿಯರಿನಲ್ಲಿ ಕಳಿಸಿದರೆ ಈ ವಿನಾಯಿತಿ ಇಲ್ಲವೇ ಇಲ್ಲ. ಸ್ಪೀಕರಿನ ಮಾತು ಬಿಡಿ. ಆ ಭಾರಕ್ಕೆ ವಿಮಾನದವರು ಕೇಳುವ ಹಣದಲ್ಲಿ ಉಳಿತಾಯವೆಲ್ಲ ಕರಗುತ್ತದೆ.

ರಾಯಚೂರು ಸೌಂಡ್‌ನವರು:
ಯುಎಸ್‌ಬಿಯ ಮಾತನ್ನು ಒಪ್ಪುತ್ತೇನೆ. ಆದರೂ ವಾರಂಟಿ ಎಲ್ಲಿ? ಹೊರದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿನ ವಿತರಕರು ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ನಮ್ಮ ಕಡೆಯ ಕೆಂಪು ಧೂಳು ದನಿ ಏರಿಳಿಸುವ ಜಾರುಗುಂಡಿಯಾದ ಫೇಡರಿನ ಸೀಳಿನೊಳಗೆ ಇಳಿದರೆ ಎರಡನೆಯ ಸೀಸನ್ನಿಗೇ ಕರಕರ ಶುರುವಾಗುತ್ತದೆ. ಇಲ್ಲಿನ ಬಿಲ್ ಇದ್ದರೆ ಹೈದರಾಬಾದಿನ ಕೋಠಿಗೋ ಬೆಂಗಳೂರಿನ ಎಸ್‌.ಪಿ. ರಸ್ತೆಗೋ ರಾತ್ರಿ ಬಸ್ಸು ಹತ್ತಿ, ಕೊಂಡ ಅಂಗಡಿಯವರನ್ನೇ ಕೇಳಬಹುದು.

ಸಿಂಧನೂರು ರಿಪೇರಿಯವ:
ಇಬ್ಬರೂ ಹೊಸ ಸಾಮಾನಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಹುಡುಗನಿಗೆ ಸೆಕೆಂಡ್ ಹ್ಯಾಂಡ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಫ್‌ಎಲ್‌ಎಕ್ಸ್4 ಬಂದ ಮೇಲೆ ಅದರ ಹಿಂದಿನ ಡಿಡಿಜೆ-400 ಅನ್ನು ಹಲವರು ಮಾರಿದರು. ಕಲಿಯುವವನ ಕೈಗೆ ಅವೆರಡರ ನಡುವೆ ದೊಡ್ಡ ಅಂತರವೇನೂ ಇಲ್ಲ. ನೋಡುವ ಕ್ರಮ ಹೀಗಿರಲಿ: ಹಾಡು ಹಾಕಿ, ಹೆಡ್‌ಫೋನ್ ಕಿವಿಗಿಟ್ಟುಕೊಂಡು, ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ಕ್ರಾಸ್‌ಫೇಡರನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಬಹಳ ನಿಧಾನವಾಗಿ ಸರಿಸಿ. ನಡುವೆ ಎಲ್ಲಾದರೂ ದನಿ ಥಟ್ಟನೆ ಹಾರಿದರೆ ಫೇಡರ್ ಸವೆದಿದೆ. ಆಮೇಲೆ ಯುಎಸ್‌ಬಿ ಕೇಬಲನ್ನು ಸಿಕ್ಕಿಸಿದಲ್ಲಿಯೇ ಮೆಲ್ಲಗೆ ಅಲ್ಲಾಡಿಸಿ. ದೀಪ ಆರಿ ಹೊತ್ತಿದರೆ ಕೊಳ್ಳಲೇಬೇಡಿ. ನನ್ನ ಟೇಬಲ್ಲಿಗೆ ಬರುವ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ಆ ಒಂದು ಸಾಕೆಟ್ ಸಡಿಲಾಗಿಯೇ ಬರುತ್ತವೆ.

ಇನ್ನೊಂದು ಮಾತು. ಈ ದರದ ಕಂಟ್ರೋಲರ್‌ಗಳಲ್ಲಿ ಮಾಸ್ಟರ್ ಔಟ್ (ದನಿ ಹೊರಹೋಗುವ ಮುಖ್ಯ ದಾರಿ) ಬರೀ ಹಳೆಯ ಟಿವಿಗಳ ಕೆಂಪು-ಬಿಳಿ ಪಿನ್ನಿನಂಥ ಆರ್‌ಸಿಎ. ವೇದಿಕೆಯಿಂದ ಆಂಪ್ಲಿಫೈಯರ್‌ವರೆಗೆ ಅದೇ ಕೇಬಲನ್ನು ಉದ್ದಕ್ಕೆ ಎಳೆದರೆ, ಜನರೇಟರ್ ಶುರುವಾದ ಕೂಡಲೇ ಹಮ್ಮಿಂಗ್ ಬರುತ್ತದೆ. ಕಂಟ್ರೋಲರ್ ಪಕ್ಕದಲ್ಲೇ ಒಂದು ಡಿಐ ಬಾಕ್ಸ್ (ಸಿಗ್ನಲ್ಲನ್ನು ಉದ್ದ ಕೇಬಲಿಗೆ ಒಗ್ಗಿಸುವ ಸಣ್ಣ ಪೆಟ್ಟಿಗೆ) ಇಟ್ಟು, ಅಲ್ಲಿಂದ ಮುಂದೆ ಮೈಕಿಗೆ ಬಳಸುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಎಳೆಯಿರಿ. ಬ್ರ್ಯಾಂಡಿನ ಹೆಸರಿಗೆ ಕೊಡುವ ಹಣ ಇದಕ್ಕಿರಲಿ.

ಕೌಲ್‌ಬಜಾರಿನಿಂದ:
ಹಳೆಯದು ಇಲ್ಲಿಯೇ ಸಿಗುವುದಾದರೆ ನನ್ನ ದುಬೈ ವಾದವನ್ನು ಬಿಡುತ್ತೇನೆ. ಒಳ್ಳೆಯ ಹೆಡ್‌ಫೋನನ್ನಾದರೂ ಅಲ್ಲಿಂದ ತರಿಸಿಕೊಳ್ಳಲಿ.

ಕಾರಟಗಿಯ ಹುಡುಗ:
ಎಲ್ಲರಿಗೂ ಕೃತಜ್ಞತೆಗಳು. ಚಿಕ್ಕಪ್ಪನ ಮಗನಿಗೆ ಈಗಷ್ಟೇ ಫೋನ್ ಮಾಡಿ, ಹೆಡ್‌ಫೋನ್ ಒಂದು ಸಾಕು ಎಂದು ಹೇಳಿದೆ. ಸ್ಪೀಕರ್‌ಗಳನ್ನು ಸದ್ಯಕ್ಕೆ ಬಾಡಿಗೆಗೇ ತರುತ್ತೇನೆ. ಗಂಗಾವತಿಯಲ್ಲಿ ಒಬ್ಬರು ಡಿಡಿಜೆ-400 ಮಾರುವವರಿದ್ದಾರೆ. ಸಿಂಧನೂರಿನ ಅಣ್ಣ, ಭಾನುವಾರ ಅದನ್ನು ನಿಮ್ಮ ಅಂಗಡಿಗೇ ತರುವಂತೆ ಅವರಿಗೆ ಹೇಳಲೇ? ಸಾಕೆಟ್ಟನ್ನು ನೀವೇ ಒಮ್ಮೆ ಅಲ್ಲಾಡಿಸಿ ನೋಡಿದರೆ ನನಗೆ ಧೈರ್ಯ.

ಸಿಂಧನೂರು ರಿಪೇರಿಯವ:
ತರಲಿ, ತಮ್ಮಾ. ಹನ್ನೊಂದರ ನಂತರ ಬನ್ನಿ. ನಿನ್ನ ಲ್ಯಾಪ್‌ಟಾಪನ್ನೂ ಜೊತೆಗೆ ತಾ, ಅದರಲ್ಲಿಯೇ ಹಾಡು ಹಾಕಿ ನೋಡೋಣ.