ಪ್ರಶ್ನೋತ್ತರ: ಐಟಿಯ ಮೊದಲ ಕೆಲಸಕ್ಕ ಯಾವ ತರಬೇತಿ ತಗೋಬೇಕು?

ಗುಂಪಿನ ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಐಟಿಯಲ್ಲಿ ಮೊದಲ ಕೆಲಸ ಸಿಗಬೇಕಾದರೆ ಎಲ್ಲಿ, ಏನು ಕಲಿಯಬೇಕು ಅಂತ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಬಹಳ ಜನ ಕೇಳುತ್ತಿದ್ದೀರಿ. ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಮತ್ತು ನೆಟ್‌ವರ್ಕ್ ತಂಡ ನೋಡಿಕೊಳ್ಳುವ, ಹೊಸಬರ ಸಂದರ್ಶನ ತಾವೇ ಮಾಡುವ ನಮ್ಮ ಸದಸ್ಯೆ ಈ ಥ್ರೆಡ್ಡಿನಲ್ಲಿ ಉತ್ತರ ಕೊಡುತ್ತಾರೆ. ಯಾವ ಸೆಂಟರಿನ ಹೆಸರನ್ನೂ ಹಾಕಬೇಡಿ.

ಪ್ರಶ್ನೆ (ನರಗುಂದ): ಅಕ್ಕಾರ, ನಮಸ್ಕಾರ್ರಿ. ಮಗ ಪಿಯುಸಿ ಆರ್ಟ್ಸ್ ಮುಗಿಸ್ಯಾನ. ಹುಬ್ಬಳ್ಳಿಯೊಳಗ ಒಂದು ಸೆಂಟರ್‌ನವರು ಆರು ತಿಂಗಳದಾಗ ಫುಲ್ ಸ್ಟ್ಯಾಕ್ ಕಲಿಸಿ ನೂರಕ್ಕ ನೂರು ಕೆಲಸ ಕೊಡಸ್ತೀವಿ ಅಂತಾರ. ಫೀಸು 65 ಸಾವಿರ. ನಾವು ಒಕ್ಕಲುತನದವ್ರು. ಹಚ್ಚಬೇಕೋ ಬ್ಯಾಡೋ ತಿಳೀವಲ್ದು.

ಉತ್ತರ: ಅಣ್ಣಾರ, ಸದ್ಯಕ್ಕ ರೊಕ್ಕ ಕಟ್ಟಬ್ಯಾಡ್ರಿ. ಮೊದಲ ಮಗನ್ನ ಕರಕೊಂಡು ಹೋಗಿ, ಕ್ಲಾಸ್ ನಡಿಯೋ ಹೊತ್ತಿನ್ಯಾಗ ಹಿಂದಿನ ಬೆಂಚಿನ ಮ್ಯಾಲ ಕುಂತು ನೋಡ್ರಿ. ಒಬ್ಬೊಬ್ಬರ ಮುಂದ ಒಂದೊಂದು ಮಷಿನ್ ಅದ ಏನು? ಹುಡುಗುರು ಕೈಲೇ ಮಾಡಾಕತ್ತಾರೋ, ಇಲ್ಲ ಬೋರ್ಡ್ ನೋಡಿ ನೋಟ್ಸ್ ಬರಕೊಳ್ಳಾಕತ್ತಾರೋ? ಕುಂದರಾಕ ಬಿಡಲಿಲ್ಲ ಅಂದ್ರ ಅಲ್ಲಿಗೇ ತಿಳಕೋರಿ. ಹೋದ ವರ್ಷ ಅಲ್ಲೇ ಕಲ್ತವರನ್ನ ನೀವ ಹುಡುಕಿ ಮಾತಾಡಸ್ರಿ. ಗೋಡಿ ಮ್ಯಾಲ ಫೋಟೋ ಹಚ್ಚಿದವರು ಸಾಲೂದಿಲ್ಲ, ಫೋಟೋ ಇಲ್ಲದವರನ್ನೂ ಕೇಳಬೇಕು.

ಕೆಲಸ ಕೊಡೋದು ಕಂಪನಿ, ಸೆಂಟರ್ ಅಲ್ಲ. ಹಂಗಾಗಿ ನೂರಕ್ಕ ನೂರು ಅನ್ನೋ ಮಾತು ಯಾರೂ ಕೊಡಾಕ ಬರೂದಿಲ್ಲ. ಯಾವ ಹುದ್ದೆ, ಎಷ್ಟು ಸಂಬಳ, ಸಿಗಲಿಲ್ಲ ಅಂದ್ರ ಎಷ್ಟು ದಿನದಾಗ ಫೀಸು ವಾಪಸ್ ಅಂತ ಲೆಟರ್‌ಹೆಡ್ ಮ್ಯಾಲ ಬರಸಿಕೊಳ್ರಿ. ಬರಕೊಡೂದಿಲ್ಲ ಅಂದ್ರ ಎದ್ದು ಬರ್ರಿ.

ಇನ್ನ ನನ್ನ ಅಭಿಪ್ರಾಯ. ಫುಲ್ ಸ್ಟ್ಯಾಕ್, ಅಂದ್ರ ವೆಬ್‌ಸೈಟಿನ ಮುಂದಿನ ಪರದೆ, ಹಿಂದಿನ ಕೆಲಸ ಎರಡನ್ನೂ ಪ್ರೋಗ್ರಾಮ್ ಮಾಡೋದು, ಕೆಟ್ಟದ್ದಲ್ಲ, ಆದ್ರ ಆ ಸಾಲಿನ್ಯಾಗ ಇವನ ಮುಂದ ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜಿನವರು, ಬಿಸಿಎ ಮಾಡಿದವರು ನಿಂತಿರ್ತಾರ. ಆರ್ಟ್ಸ್ ಮಾಡಿದ ಹುಡುಗನಿಗೆ ಹತ್ತರದ ಬಾಗಿಲಾ ಅಂದ್ರ ಸಪೋರ್ಟ್ ಕೆಲಸ, ಆಫೀಸಿನವರ ಕಂಪ್ಯೂಟರ್, ನೆಟ್‌ವರ್ಕ್ ತಕರಾರು ಬಗಿಹರಸೋದು: ಡೆಸ್ಕ್‌ಟಾಪ್ ಸಪೋರ್ಟ್, ಹೆಲ್ಪ್‌ಡೆಸ್ಕ್, ನೆಟ್‌ವರ್ಕ್ ಫೀಲ್ಡ್ ಎಂಜಿನಿಯರ್. ಇಲ್ಲಿ ನಾವು ಕೈಲೇ ಕೆಲಸ ಮಾಡಾಕ ಬರತದೇನು ಅಂತ ನೋಡ್ತೀವಿ. ಇದರ ಜೋಡಿ ಡಿಗ್ರಿ ಓದು ಮಾತ್ರ ಬಿಡಸಬ್ಯಾಡ್ರಿ. ಭಾಳ ಕಂಪನಿ ಅರ್ಜಿ ತಗೋಳುವಾಗ ಡಿಗ್ರಿ ಕಾಲಂ ಖಾಲಿ ಇದ್ರ ಮುಂದ ಬಿಡೂದಿಲ್ಲ.

ಪ್ರಶ್ನೆ (ಮತ್ತ ಅವರ): ಐಟಿಐ ಹಚ್ಚಿದ್ರ ಹೆಂಗ್ರಿ ಅಂತ ನಮ್ಮ ಮಾವಾರು ಅಂತಾರ. ಅಲ್ಲಿ ಫಿಟ್ಟರ್, ಎಲೆಕ್ಟ್ರಿಶಿಯನ್ ಅಷ್ಟ ಅಲ್ಲೇನ್ರಿ?

ಉತ್ತರ: ಅಲ್ರಿ, ನಿಮ್ಮ ಮಾವಾರು ಚಲೋ ಹೇಳ್ಯಾರ. ಕೋಪಾ ಅಂತ ಟ್ರೇಡ್ ಅದ, ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್. ಎಸ್ಸೆಸ್ಸೆಲ್ಸಿ ಪಾಸಾಗಿದ್ರ ಸಾಕು, ಒಂದು ವರ್ಷ. 2022ರ ಪಠ್ಯಕ್ರಮದಾಗ ಒಟ್ಟು 1,200 ತಾಸು, ಅದರೊಳಗ 840 ತಾಸು ಬರೇ ಪ್ರಾಕ್ಟಿಕಲ್. ಈಗ ಆ ಸೆಂಟರ್ ಲೆಕ್ಕ ಹಾಕ್ರಿ. ದಿನಕ್ಕ ಎರಡು ತಾಸು, ತಿಂಗಳಿಗೆ 25 ದಿನ, ಆರು ತಿಂಗಳು: 300 ತಾಸು, ಅದರಾಗ ಥಿಯರಿನೂ ಬಂತು. ಸರ್ಕಾರಿ ಐಟಿಐ ಫೀಸಿಗೂ 65 ಸಾವಿರಕ್ಕೂ ಹೋಲಿಕಿನ ಇಲ್ಲ. ಯಾವ ಕೋರ್ಸ್ ಇದ್ರೂ ಮೊದಲ ಈ ಲೆಕ್ಕಾ ಹಾಕ್ರಿ: ನನ್ನ ಮಗನ ಕೈಯಾಗ ಮಷಿನ್ ಎಷ್ಟು ತಾಸು ಇರತದ. ಕೋರ್ಸಿನ ಹೆಸರು ಎಷ್ಟು ದೊಡ್ಡದಿದ್ರೂ ಈ ತಾಸು ಕಡಿಮಿ ಇದ್ರ ಸಂದರ್ಶನದಾಗ ಎರಡನೇ ಪ್ರಶ್ನೆಗೇ ಗೊತ್ತಾಗತದ.

ಪ್ರಶ್ನೆ (ಹಾವೇರಿ): ಮೇಡಂ, ನಾ ಕೋಪಾನ ಮಾಡಾಕತ್ತೀನ್ರಿ, ಮುಂದಿನ ಪರೀಕ್ಷೆಗೆ ಮುಗಿತೈತಿ. ಆಮೇಲೆ ಬೆಂಗಳೂರಿಗೆ ಹೋಗ್ಲೋ, ಇಲ್ಲೇ ನೋಡ್ಲೋ? ಗೆಳೆಯಾರು ಕೋಪಾಕ್ಕ ಕಿಮ್ಮತ್ತಿಲ್ಲ ಅಂತಾರ.

ಉತ್ತರ: ತಮ್ಮಾ, ಬರೇ ಸರ್ಟಿಫಿಕೇಟ್ ಹಿಡಕೊಂಡು ನಿಂತ್ರ ಕಿಮ್ಮತ್ತು ಕಡಿಮಿ ಖರೇ. ಅದರ ಮ್ಯಾಲ ಒಂದು ವರ್ಷ ಅಪ್ರೆಂಟಿಸ್ ಮಾಡು, ಅಂದ್ರ ಕಂಪನಿಯೊಳಗ ಕೆಲಸ ಮಾಡಕೋತ ಕಲಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸ್ಟೈಪೆಂಡ್ ಕೊಟ್ಟು ಕಲಸಬೇಕು. ಐಟಿಐದವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಾಗ ಹೆಸರು ಹಚ್ಚಬೇಕು, ಡಿಪ್ಲೊಮಾ ಮತ್ತ ಡಿಗ್ರಿಯವರು ನ್ಯಾಟ್ಸ್ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಾಗ.

ನಮ್ಮ ಕಡೆಯವರು ಕಣ್ಣಿಡಬೇಕಾದ್ದು ರೈಲ್ವೆ ಪ್ರಕಟಣೆ ಮ್ಯಾಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯೊಳಗ ಅದ. ಅವರ ಅಪ್ರೆಂಟಿಸ್ ಪಟ್ಟಿಯೊಳಗ ಕೋಪಾದವರಿಗೆ ಸೀಟು ಬರತಾವ, ಆದ್ರ ಅಲ್ಲಿ ಟ್ರೇಡಿನ ಹೆಸರು ಪ್ರೋಗ್ರಾಮಿಂಗ್ ಅಂಡ್ ಸಿಸ್ಟಮ್ ಅಡ್ಮಿನಿಸ್ಟ್ರೇಶನ್ ಅಸಿಸ್ಟೆಂಟ್ ಅಂತ ಇರತದ. ಹೆಸರು ಬ್ಯಾರೆ ಅಂತ ಎಷ್ಟೋ ಹುಡುಗುರು ಅರ್ಜಿನ ಹಾಕೂದಿಲ್ಲ, ನನಗ ಭಾಳ ಕೆಟ್ಟ ಅನಸ್ತದ. ಪರೀಕ್ಷೆ ಇರೂದಿಲ್ಲ. ಹತ್ತನೇತ್ತೆ ಮತ್ತ ಐಟಿಐ ಅಂಕದ ಮ್ಯಾಲ ಆರಸ್ತಾರ, ಅದಕ್ಕ ಈಗಿನ ಪರೀಕ್ಷೆ ಹಗುರ ತಗೋಬ್ಯಾಡ. ಅದು ಕಾಯಂ ನೌಕರಿ ಅಲ್ಲ, ಆದ್ರ ಮುಗಿಸಿದವರಿಗೆ ರೈಲ್ವೆಯ ಲೆವೆಲ್ 1 (ಎಲ್ಲಾಕ್ಕಿಂತ ಕೆಳಗಿನ ಹಂತದ) ನೇಮಕಾತಿಯೊಳಗ 20 ಪರ್ಸೆಂಟ್ ಮೀಸಲು ಅದ.

ಪ್ರಶ್ನೆ (ರಾಣೆಬೆನ್ನೂರು): ಡಿಪ್ಲೊಮಾ ಆಗೇತ್ರಿ, ಯುವನಿಧಿ 1,500 ಬರಾಕತ್ತೈತಿ. ಅಪ್ರೆಂಟಿಸ್ ಸೇರಿದ್ರ ನಿಲ್ಲತೈತೇನ್ರಿ?

ಉತ್ತರ: ನಿಲ್ಲತದ. ಆದ್ರೂ ಸೇರ್ರಿ. ಯುವನಿಧಿ ಹೆಚ್ಚಂದ್ರ ಎರಡು ವರ್ಷ, ಅಪ್ರೆಂಟಿಸ್ ಅನುಭವ ಬಯೋಡೇಟಾದಾಗ ಕಾಯಂ ಇರತದ. ಸೇರಿದ ಮ್ಯಾಲ ನೀವ ತಿಳಿಸಿ ನಿಲ್ಲಸ್ರಿ.

ಪ್ರಶ್ನೆ (ಗದಗ): ಮೇಡಂ, ಬಿಕಾಂ ಮುಗಿಸೀನ್ರಿ. ಹಾರ್ಡ್‌ವೇರ್-ನೆಟ್‌ವರ್ಕಿಂಗ್ ಕೋರ್ಸ್ ಮುಗೀಲಿಕ್ಕೆ ಬಂದದ. ಸಂದರ್ಶನದಾಗ ನೀವು ಏನ್ ಕೇಳ್ತೀರಿ? ನನ್ನ ಇಂಗ್ಲಿಷ್ ಕಚ್ಚಾ ಅದ, ಅದ ಅಂಜಿಕಿ. ಮನ್ಯಾಗ ಹುಬ್ಬಳ್ಳಿಯೊಳಗ ಪಿಜಿ ಇರಾಕ ಬಿಡೂದಿಲ್ಲ.

ಉತ್ತರ: ತಂಗೀ, ಎಲ್ಲಾರಿಗೂ ನಾ ಕೇಳೋ ಪ್ರಶ್ನೆ ಇಲ್ಲೇ ಹೇಳಿಬಿಡ್ತೀನಿ, ಗುಟ್ಟು ಏನಿಲ್ಲ. "ಅಕೌಂಟ್ಸ್‌ನವರು ಫೋನ್ ಮಾಡಿ ಇಂಟರ್ನೆಟ್ ಬರವಲ್ದು ಅಂತಾರ. ಏನು ಮಾಡ್ತೀ?"

ಹೆಚ್ಚಿನವರು ಕೇಳಿದ ಕೂಡಲೆ ರೀಸ್ಟಾರ್ಟ್ ಮಾಡಸ್ತೀನಿ ಅಂತಾರ. ನನಗ ಬೇಕಾದವರು ತಿರುಗಿ ಕೇಳೋರು: ನಿಮಗೊಬ್ಬರಿಗ ಬರವಲ್ದೋ, ಬಾಜೂದವರಿಗೂ ಬರವಲ್ದೋ? ಮುಂಜಾನೆ ಬರತಿತ್ತೇನು? ಒಬ್ಬರದ್ದಾದ್ರ ಅವರ ಮಷಿನ್ ನೋಡಬೇಕು. ಎಲ್ಲಾರದ್ದೂ ಆದ್ರ ಸ್ವಿಚ್, ರೌಟರ್, ಇಲ್ಲ ಹೊರಗಿಂದ ಬರೋ ಲೈನ್ ನೋಡಬೇಕು. ಈ ಒಂದು ಮಾತಿನ್ಯಾಗ ಅರ್ಧ ದಾರಿ ಉಳೀತದ.

ಆಮ್ಯಾಲ ಕೇಬಲ್ ಹಚ್ಚಿದಲ್ಲೆ ಲೈಟ್ ಹತ್ತೇದೇನು ಅಂತ ನೋಡೋದು. ಹತ್ತಿದ್ರ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ (ipconfig) ಹೊಡಿಯೋದು, ಮಷಿನ್‌ನ ನೆಟ್‌ವರ್ಕ್ ವಿಳಾಸ, ಅಂದ್ರ ಐಪಿ, ಕಾಣತದ. ವಿಳಾಸ 169.254ರಿಂದ ಶುರು ಆಗಿದ್ರ ವಿಳಾಸ ಹಂಚೋ ಡಿಎಚ್‌ಸಿಪಿ ಸರ್ವರ್ ಅದನ್ನ ಕೊಟ್ಟಿಲ್ಲ, ಮಷಿನ್ ತಾನ ಒಂದು ಹಚ್ಚಿಕೊಂಡದ ಅಂತ ಅರ್ಥ. ವಿಳಾಸ ಬರೋಬ್ಬರಿ ಇದ್ರ ಗೇಟ್‌ವೇಗೆ, ಅಂದ್ರ ಹೊರಗ ಹೋಗೋ ಬಾಗಿಲದಂಥ ರೌಟರ್‌ಗೆ, ಪಿಂಗ್ ಮಾಡಿ ಉತ್ತರ ಬರತದೇನು ನೋಡು. ಅದು ಉತ್ತರ ಕೊಟ್ರ ಹೊರಗಿನ ಇಂಟರ್ನೆಟ್‌ನಾಗ ಇರೋ ಗೂಗಲ್‌ನ ವಿಳಾಸ 8.8.8.8ಕ್ಕ ಪಿಂಗ್ ಮಾಡು. ಅಲ್ಲಿಂದನೂ ಉತ್ತರ ಬರತದ, ಆದ್ರ ಸೈಟಿನ ಹೆಸರು ಹೊಡದ್ರ ತೆರೀವಲ್ದು ಅಂದ್ರ ಹೆಸರಿಗೆ ಐಪಿ ಹುಡುಕಿ ಕೊಡೋ ಡಿಎನ್‌ಎಸ್ ಸೇವೆ ಮ್ಯಾಲ ಮೊದಲ ಸಂಶಯ. ಇದನ್ನ ಬಾಯಿಪಾಠ ಮಾಡಿ ಬಂದ್ರ ನಡಿಯೂದಿಲ್ಲ, ನಾ ನಡುವ ಒಂದು ತಿರುವು ಹಾಕ್ತೀನಿ. ಕೋರ್ಸಿನ ಲ್ಯಾಬ್‌ನಾಗ ನೀನ ಡಿಎನ್‌ಎಸ್ ತಪ್ಪು ಹಾಕಿ, ಕೇಬಲ್ ಕಿತ್ತಿ, ಒಂದ ಐಪಿ ಎರಡು ಮಷಿನ್‌ಗೆ ಕೊಟ್ಟು, ಏನಾಗತದ ಅಂತ ನೋಡಿಟ್ಟುಕೋ. ಕೆಡಿಸಿ ಸರಿ ಮಾಡಿದವರ ಮಾತಿನ್ಯಾಗ ಒಂದು ಧೈರ್ಯ ಇರತದ, ನಮಗ ಅದು ಕೇಳಿಸ್ತದ.

ಕ್ಯಾಟ್-6 ಕೇಬಲ್ ತುಂಡು, ಆರ್‌ಜೆ-45 ಕನೆಕ್ಟರ್, ಅದನ್ನ ಕೇಬಲಿಗೆ ಒತ್ತಿ ಕೂಡಿಸೋ ಕ್ರಿಂಪಿಂಗ್ ಟೂಲ್‌ನೂ ಕೈಯಾಗ ಕೊಡತೀನಿ. ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಒಳಗಿನ ತಂತಿ ಜೋಡಿಸೋ ಈ ಸಾಲು ಕೈಗೆ ಬರಬೇಕು. ಕೇಬಲ್ 100 ಮೀಟರ್ ದಾಟಬಾರದು ಅನ್ನೋದು ಗೊತ್ತಿರಬೇಕು. ಹುಡುಗ್ಯಾರಿಗೆ ಇದು ಕೊಡಬಾರದು ಅನ್ನೋರು ಅದಾರ, ನಾ ಕೊಡತೀನಿ. ನನ್ನ ತಂಡದಾಗ ಎಲ್ಲಾರಿಗಿಂತ ಅಚ್ಚುಕಟ್ಟ ಕ್ರಿಂಪ್ ಮಾಡಾಕಿ ಲಕ್ಷ್ಮೇಶ್ವರದ ಹುಡುಗಿ.

ಇಂಗ್ಲಿಷ್ ವಿಚಾರ. ಇಲ್ಲಿನ ಆಫೀಸ್ ಸಪೋರ್ಟಿಗೆ ಕನ್ನಡ, ಹಿಂದಿ, ಜೋಡಿ ಸಾದಾ ಇಂಗ್ಲಿಷ್ ಸಾಕು. ಹೊರದೇಶದ ಕಾಲ್ ತಗೋಳೋ ಹೆಲ್ಪ್‌ಡೆಸ್ಕಿಗೆ ಮಾತ್ರ ನಿರರ್ಗಳ ಬೇಕು. ಎರಡಕ್ಕೂ ಬೇಕಾದ್ದು ಟಿಕೆಟ್, ಅಂದ್ರ ಒಂದೊಂದು ತಕರಾರಿನ ದಾಖಲೆ, ಬರಿಯೋದು. ದಿನಾ ಒಂದು ಬರದು ರೂಢಿ ಮಾಡು: ಏನು ತಕರಾರು, ಏನು ನೋಡಿದೆ, ಏನು ಮಾಡಿದೆ, ಸರಿ ಆತೋ ಇಲ್ಲೋ. ಬೇಕಾದ್ರ ನಾಕು ಸಾಲಿನ ಇಂಗ್ಲಿಷ್ ನನಗ ಕಳಸು, ತಿದ್ದಿ ಕೊಡತೀನಿ.

ಗದಗದಿಂದ ರೈಲು, ಬಸ್ಸಿಗೆ ಓಡಾಡೋರು ನಮ್ಮಲ್ಲೇ ಅದಾರ. 2023ರ ಜೂನ್‌ನಾಗ ಶಕ್ತಿ ಯೋಜನೆ ಬಂದ ಮ್ಯಾಲ ಹೆಣ್ಣುಮಕ್ಕಳಿಗೆ ಬಸ್ ಖರ್ಚೂ ಇಲ್ಲ. ಅಪ್ಪಾರಿಗೆ ಒಂದು ಮಾತು ಹೇಳು: ರಾತ್ರಿ ಪಾಳಿ ಹಚ್ಚಿದ್ರ ಗಾಡಿ, ಭದ್ರತೆ ಒದಗಿಸೋದು ಕಂಪನಿ ಜವಾಬ್ದಾರಿ, ಅದು ನಿಯಮದಾಗ ಅದ. ಸೇರೋವಾಗ ಕೇಳಾಕ ಅಂಜಬ್ಯಾಡ.

ಪ್ರಶ್ನೆ (ಧಾರವಾಡ): ಸೆಂಟರ್‌ನವರು "ಈಗ ಏನೂ ಕಟ್ಟಬ್ಯಾಡ್ರಿ, ಬಡ್ಡಿ ಇಲ್ಲದ ಇಎಂಐ ಮಾಡಿಕೊಡ್ತೀವಿ" ಅಂತ ಆಧಾರ್, ಪ್ಯಾನ್ ಕೇಳ್ಯಾರ. ಮಾರ್ಕ್ಸ್ ಕಾರ್ಡ್ ಒರಿಜಿನಲ್ಲೂ ಇಟ್ಟುಕೊಳ್ತಾರಂತ. ಕೊಡಬಹುದಾ?

ಉತ್ತರ: ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಯಾಗೂ ಕೊಡಬ್ಯಾಡ್ರಿ. ತೋರಸ್ರಿ, ವಾಪಸ್ ತಗೋರಿ, ಝೆರಾಕ್ಸ್ ಕೊಡ್ರಿ.

ಇಎಂಐ ಅನ್ನೋದು ಹೆಚ್ಚಾಗಿ ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಿನ್ಯಾಗ ಕೊಡೋ ಸಾಲ. ಪೂರ್ತಿ ರೊಕ್ಕ ಸೆಂಟರ್‌ಗೆ ಹೋಗತದ, ತೀರಸೋದು ನೀವು. ನಡುವ ಕೋರ್ಸ್ ಬಿಟ್ರೂ, ಸೆಂಟರ್ ಬಾಗಿಲಾ ಹಾಕಿದ್ರೂ ಕಂತು ನಿಲ್ಲೂದಿಲ್ಲ. ತಪ್ಪಿದ್ರ ಸಿಬಿಲ್ ಸ್ಕೋರ್ ಬೀಳತದ, ನಾಳೆ ಮನಿ ಸಾಲಕ್ಕ ಅಡ್ಡ ಬರತದ. ರಿಸರ್ವ್ ಬ್ಯಾಂಕ್ ನಿಯಮ ಪ್ರಕಾರ 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕ ಮೊದಲ ಮುಖ್ಯ ಮಾಹಿತಿ ಪತ್ರ ಕೊಡಬೇಕು, ಕೆಎಫ್‌ಎಸ್ ಅಂತಾರ. ಒಟ್ಟು ಖರ್ಚು, ವಾರ್ಷಿಕ ದರ ಎಲ್ಲಾ ಅದರೊಳಗ ಬರದಿರಬೇಕು, ಅದೂ ಸಾಲ ತಗೊಳ್ಳೋರಿಗೆ ತಿಳಿಯೋ ಭಾಷೆಯೊಳಗ. ಕನ್ನಡದಾಗ ಕೊಡ್ರಿ ಅಂತ ಕೇಳೋದು ನಿಮ್ಮ ಹಕ್ಕು. ಅದು ಕೈಗೆ ಬರೋತನಕ ಒಟಿಪಿ ಹೇಳಬ್ಯಾಡ್ರಿ.

ಪ್ರಶ್ನೆ (ಹುಬ್ಬಳ್ಳಿ): ಫ್ರೆಶರ್‌ಗೆ ಕರೆಯೂದಿಲ್ಲ, ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಕೊಡ್ತೀವಿ ಅಂತಾರ ಮೇಡಂ.

ಉತ್ತರ: ಬ್ಯಾಡ. ಹಿನ್ನೆಲೆ ತಪಾಸಣಿಯೊಳಗ ಪಿಎಫ್‌ನ ನಿಮ್ಮ ನಂಬರ್ (ಯುಎಎನ್) ಮ್ಯಾಲ ಎಲ್ಲೆಲ್ಲಿ ಕೆಲಸ ಮಾಡೀರಿ ಅನ್ನೋ ಸರ್ವಿಸ್ ಹಿಸ್ಟರಿ ತಗಸ್ತಾರ. ಅಲ್ಲಿ ಆ ಕಂಪನಿ ಇರೂದಿಲ್ಲ. ಸೇರಿದ ಮ್ಯಾಲ ಸಿಕ್ಕಿಬಿದ್ರೂ ಕೆಲಸದಿಂದ ತಗೀತಾರ, ಮುಂದಿನ ಕಂಪನಿಗೂ ಅದ ಕಲೆ ಉಳೀತದ.

ಪ್ರಶ್ನೆ (ಧಾರವಾಡ): ಬಿಸಿಎ ಕೊನೇ ವರ್ಷ. ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್) ಪರೀಕ್ಷೆ ಈಗಲೇ ಬರೆಯಲಾ ಮೇಡಂ?

ಉತ್ತರ: ಕಲೀರಿ, ಪರೀಕ್ಷೆ ಆಮ್ಯಾಲ ಬರೀರಿ. ಫೀಸು 300 ಡಾಲರ್, ನಮ್ಮ ರೊಕ್ಕದಾಗ 25 ಸಾವಿರ ದಾಟತದ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯೊಳಗ ಖಾತೆ ತೆಗದ್ರ ಪರದೆ ಮ್ಯಾಲ ನೆಟ್‌ವರ್ಕ್ ಕಟ್ಟಿ ನೋಡೋ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಪುಕ್ಕಟ ಸಿಗತದ. ವಿಎಲ್ಯಾನ್ (ಒಂದ ನೆಟ್‌ವರ್ಕನ್ನ ಬ್ಯಾರೆ ಬ್ಯಾರೆ ಭಾಗ ಮಾಡೋದು), ರೌಟಿಂಗ್, ಡಿಎಚ್‌ಸಿಪಿ ಅದರೊಳಗ ಕಟ್ರಿ. ಆ ಫೈಲ್ ಲ್ಯಾಪ್‌ಟಾಪ್‌ನಾಗ ತಂದು ನನ್ನ ಮುಂದ ತೆಗೆದು ವಿವರಿಸಿದ್ರ ನನಗ ಸಾಕು. ಕೆಲಸ ಸಿಕ್ಕ ಮ್ಯಾಲ ಪರೀಕ್ಷೆ ಬರೀರಿ. ಕೆಲವು ಕಂಪನಿ ಫೀಸು ತಾವ ಕಟ್ಟತಾವ. ಸರ್ಟಿಫಿಕೇಟ್ ಮೂರು ವರ್ಷಕ್ಕ ಮುಗೀತದ, ಅದನ್ನೂ ಲೆಕ್ಕಕ್ಕ ಹಿಡೀರಿ.

ಪ್ರಶ್ನೆ (ನವಲಗುಂದ): ಎಐ ಬಂದು ಹೆಲ್ಪ್‌ಡೆಸ್ಕ್ ಕೆಲಸಾನ ಹೋಗತಾವಂತ. ಇದನ್ನ ಕಲ್ತು ಉಪಯೋಗ ಅದ ಏನ್ರೀ ಅಕ್ಕಾರ?

ಉತ್ತರ: ಪಾಸ್‌ವರ್ಡ್ ರೀಸೆಟ್, ಸಾಫ್ಟ್‌ವೇರ್ ಬೇಕು ಅನ್ನೋ ಸಣ್ಣ ಟಿಕೆಟ್ ನಮ್ಮಲ್ಲೂ ತಾವ ಮುಗಿಯಾಕತ್ತಾವ. ಬರೇ ಅಷ್ಟ ಮಾಡೋ ಕೆಲಸ ಕಡಿಮಿ ಆಗತಾವ, ಸುಳ್ಳು ಹೇಳೂದಿಲ್ಲ. ಆದ್ರ ಸ್ವಿಚ್ ಬದಲ ಮಾಡೋದು, ಹೊಸ ಲ್ಯಾಪ್‌ಟಾಪ್ ತಯಾರ ಮಾಡಿ ಕೈಗೆ ಕೊಡೋದು, ಪ್ರಿಂಟರ್ ಒಳಗ ಸಿಕ್ಕ ಹಾಳಿ ತಗಿಯೋದು, ಗಾಬರಿಯಾದ ಮ್ಯಾನೇಜರ್‌ಗೆ ಸಮಾಧಾನ ಹೇಳೋದು ಮನಷ್ಯಾರ ಮಾಡಬೇಕು. ಅದರ ಮ್ಯಾಲ ಪವರ್‌ಶೆಲ್ (ವಿಂಡೋಸ್‌ಗೆ ಕಮಾಂಡ್ ಬರದು ಕೆಲಸ ಮಾಡಸೋ ಸಾಧನ) ಮತ್ತ ಲಿನಕ್ಸ್ (ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಕಲೀರಿ. ಸ್ಕ್ರಿಪ್ಟ್ ಬರಿಯಾಕ ಎಐ ಸಹಾಯ ತಗೋರಿ, ಆದ್ರ ಪ್ರತಿ ಸಾಲು ಏನು ಮಾಡತದ ಅಂತ ನೀವ ಹೇಳಾಕ ಬರಬೇಕು. ಸಂದರ್ಶನದಾಗ ನಾ ಈಗ ಅದನ್ನ ಕೇಳಾಕ ಶುರು ಮಾಡೀನಿ.

ಪ್ರಶ್ನೆ (ಶಿಗ್ಗಾಂವಿ): ನನಗ ನೌಕರಿ ಬ್ಯಾಡ್ರಿ, ಊರಾಗ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಬೇಕಂತೈತಿ.

ಉತ್ತರ: ಧಾರವಾಡದ ರುಡ್‌ಸೆಟ್ ಸಂಸ್ಥೆಗೆ ಹೋಗಿ ವಿಚಾರಸ್ರಿ. 1982ರಾಗ ಉಜಿರೆಯೊಳಗ ಶುರುವಾದದ್ದು, ಸ್ವಂತ ಉದ್ಯೋಗದ ತರಬೇತಿ ಊಟ-ವಸತಿ ಸಹಿತ ಪುಕ್ಕಟ. ನಿಮಗ ಬೇಕಾದ ಬ್ಯಾಚ್ ಯಾವಾಗ ಅಂತ ಮೊದಲ ಕೇಳಿಕೊಳ್ರಿ.

ಪ್ರಶ್ನೆ (ಮುಂಡರಗಿ): ಮೇಡಂ, ನನ್ನ ಕಡೆ ಮೊಬೈಲ್ ಅಷ್ಟ ಅದ. ಮೊಬೈಲ್ ಮ್ಯಾಲ ವಿಡಿಯೋ ನೋಡಿ ಕಲ್ತ್ರ ನಡೀತದೇನ್ರಿ?

ಉತ್ತರ: ತಿಳಿವಳಿಕೆ ಬರತದ, ಕೈ ಬರೂದಿಲ್ಲ. ಸದ್ಯಕ್ಕ ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಾಗ (ಗ್ರಂಥಾಲಯ) ಕಂಪ್ಯೂಟರ್ ಅದ ಏನು ನೋಡ್ರಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಕನ್ನಡ ಧ್ವನಿಯೊಳಗ ಪುಕ್ಕಟ ಅದ, ಲಿನಕ್ಸ್, ಪೈಥಾನ್, ಲಿಬ್ರೆಆಫೀಸ್ ಎಲ್ಲಾ. ವಿಡಿಯೋ ಮೊಬೈಲ್‌ನಾಗ ನಡೀಲಿ, ಕೈ ಕಂಪ್ಯೂಟರ್ ಮ್ಯಾಲ ಇರಲಿ.

ರೊಕ್ಕ ಕೂಡಿದ್ರ ಹಳೇ ಮಷಿನ್ ತಗೋರಿ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್ ಬೆಂಬಲ ನಿಂತದ. ವಿಂಡೋಸ್ 11 ಹಿಡಿಯದ ಆಫೀಸ್ ಮಷಿನ್ ಹೊರಗ ಬರತಾವ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ರ ಲಿನಕ್ಸ್ ಮಿಂಟ್ ಹಾಕಿ ಆರಾಮ ಕಲೀಬಹುದು, ವರ್ಚುವಲ್‌ಬಾಕ್ಸ್ ಅನ್ನೋ ಸಾಫ್ಟ್‌ವೇರ್‌ನಾಗ ಅದರೊಳಗ ಇನ್ನೊಂದು ಮಷಿನ್‌ನೂ ಕಟ್ಟಬಹುದು. ಅಂಗಡಿಯವರ ಮುಂದನ ಆನ್ ಮಾಡಸಿ, ಬಯೋಸ್‌ಗೆ (ಮಷಿನ್ ಶುರುವಾಗೋವಾಗಿನ ಸೆಟ್ಟಿಂಗ್‌ಗೆ) ಪಾಸ್‌ವರ್ಡ್ ಇಲ್ಲ ಅನ್ನೋದು ನೋಡಿ, ಬಿಲ್ ತಗೊಂಡು ಬರ್ರಿ. ಮಿಂಟ್ ಹಾಕೋವಾಗ ಎಲ್ಲಿ ನಿಂತ್ರೂ ಆ ಪರದೆಯ ಫೋಟೋ ಇಲ್ಲೇ ಹಾಕ್ರಿ, ನೋಡಿ ಹೇಳತೀನಿ.