ರಗ್ಬಿಯ ‘ಸೀಸನ್’: ಋತುವೇ, ಹಂಗಾಮೇ, ತಿರುಗಾಟವೇ? ಶಾಲಾ ಕಿರಿಯರ ತಂಡದ ವರದಿಗಾಗಿ ಕೆಲವು ಪದಗಳ ಬಗ್ಗೆ

ಇಂಗ್ಲೆಂಡಿನ ಶಾಲೆಯೊಂದರ 14 ವರ್ಷದೊಳಗಿನವರ ರಗ್ಬಿ ತಂಡ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಆಡಿದ ಪಂದ್ಯಗಳ ಕುರಿತು ಕನ್ನಡದಲ್ಲಿ ಒಂದು ವರದಿಯನ್ನು ಸಿದ್ಧಪಡಿಸುತ್ತಿದ್ದೇನೆ. ಆ ತಂಡದಲ್ಲಿ ಕನ್ನಡ ಮನೆಮಾತಿನ ಹುಡುಗರೂ ಇರುವುದರಿಂದ ವರದಿಯನ್ನು ಓದುವವರಲ್ಲಿ ಅವರ ಅಜ್ಜ ಅಜ್ಜಿಯರು, ಊರಿನ ಬಂಧುಗಳು, ರಗ್ಬಿಯನ್ನು ಒಮ್ಮೆಯೂ ಕಣ್ಣಾರೆ ನೋಡದವರು ಬಹಳ ಮಂದಿ ಇರುತ್ತಾರೆ. ಬರೆಯಲು ಕುಳಿತಾಗ ಆಟದ ಒಳಗಿನ ಪದಗಳಿಗಿಂತ ಮೊದಲು ತಡೆದು ನಿಲ್ಲಿಸಿದ್ದು ತೀರಾ ಸಾಮಾನ್ಯವೆಂದು ತೋರುವ ‘ಸೀಸನ್’ ಎಂಬ ಪದ. ‘ಕಿರಿಯರ ತಂಡಕ್ಕೆ ಇದು ಒಳ್ಳೆಯ ಸೀಸನ್ ಆಗಿತ್ತು’ ಎಂಬ ಮೊದಲ ವಾಕ್ಯವನ್ನು ಕನ್ನಡದಲ್ಲಿ ಹೇಗೆ ಹೇಳಬೇಕು ಎಂಬುದೇ ನನ್ನ ಮುಖ್ಯ ಪ್ರಶ್ನೆ. ಅದರ ಜೊತೆಗೆ ಬರುವ ಇನ್ನೂ ಕೆಲವು ಪ್ರಯೋಗಗಳನ್ನೂ ಇಲ್ಲಿ ಬಲ್ಲವರ ಮುಂದಿಡುತ್ತಿದ್ದೇನೆ.

ಪದದ ಅರ್ಥವನ್ನು ಮೊದಲು ಖಚಿತಪಡಿಸಿಕೊಳ್ಳೋಣ. ಇಂಗ್ಲೆಂಡಿನ ಅನೇಕ ಶಾಲೆಗಳಲ್ಲಿ ವರ್ಷದ ಮೊದಲ ಅವಧಿಯೆಂದರೆ ರಗ್ಬಿಯ ಕಾಲ. ಶನಿವಾರ ಬಂತೆಂದರೆ ಒಂದು ಶಾಲೆಯ ಹಲವು ತಂಡಗಳು, ಅತಿ ಕಿರಿಯರಿಂದ ಹಿಡಿದು ‘ಫಸ್ಟ್ ಫಿಫ್ಟೀನ್’ ಎಂದು ಕರೆಯುವ ಹಿರಿಯರ ತಂಡದವರೆಗೆ, ನೆರೆಯ ಮತ್ತೊಂದು ಶಾಲೆಯ ಅದೇ ವಯಸ್ಸಿನ ತಂಡಗಳ ಎದುರು ಒಂದೇ ದಿನ ಆಡುತ್ತವೆ. ಒಂದು ವಾರ ತಮ್ಮ ಅಂಗಳದಲ್ಲಿ, ಇನ್ನೊಂದು ವಾರ ಬಸ್ಸು ಹತ್ತಿ ಎದುರಾಳಿಯ ಅಂಗಳಕ್ಕೆ. ಇವುಗಳಲ್ಲಿ ಬಹುಪಾಲು ಪಂದ್ಯಗಳಿಗೆ ಕಪ್ಪಿಲ್ಲ, ಅಂಕಪಟ್ಟಿಯಿಲ್ಲ. ಸೋತ ತಂಡ ಹೊರಬೀಳುವುದಿಲ್ಲ. ಮುಂದಿನ ಶನಿವಾರ ಮತ್ತೆ ಆಡುತ್ತದೆ. ಹೀಗೆ ಆಡಿದ ಪಂದ್ಯಗಳು, ನಡುವಿನ ಅಭ್ಯಾಸ, ಸೆಪ್ಟೆಂಬರಿನ ಒಣ ನೆಲದಿಂದ ಡಿಸೆಂಬರಿನ ಕೆಸರಿನವರೆಗೆ ಆ ಹುಡುಗರು ಕಲಿತದ್ದು, ಇವೆಲ್ಲ ಸೇರಿ ಒಂದು ‘ಸೀಸನ್’. ಅದು ಕಾಲಾವಧಿಯ ಹೆಸರು ಎಂಬುದಕ್ಕಿಂತ ಹೆಚ್ಚಾಗಿ ಒಂದು ತಂಡದ ಒಟ್ಟು ಬಾಳಿನ ಹೆಸರು.

ಕನ್ನಡದಲ್ಲಿ ಇದಕ್ಕೆ ಸಹಜವಾದ ಪದವಿಲ್ಲದಿರುವುದಕ್ಕೆ ಕಾರಣ ನಮ್ಮ ಭಾಷೆಯ ಬಡತನವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮ ಶಾಲೆಗಳಲ್ಲಿ ಆ ಪದ್ಧತಿಯೇ ಇಲ್ಲ. ಕರ್ನಾಟಕದ ಶಾಲಾ ಕಬಡ್ಡಿ ಅಥವಾ ಕೊಕ್ಕೊ ತಂಡವೊಂದರ ವರ್ಷವನ್ನು ನೆನೆಯಿರಿ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಮೆಟ್ಟಿಲುಗಳಿರುತ್ತವೆ. ವಲಯ ಮಟ್ಟದಲ್ಲಿಯೇ ಸೋತ ತಂಡಕ್ಕೆ ಆ ವರ್ಷದ ಆಟ ಒಂದೇ ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ. ಆದ್ದರಿಂದ ‘ಕ್ರೀಡಾಕೂಟ’, ‘ಪಂದ್ಯಾವಳಿ’, ‘ಸುತ್ತು’ ಎಂಬ ಪದಗಳು ನಮ್ಮಲ್ಲಿ ಗಟ್ಟಿಯಾಗಿ ನಿಂತಿವೆ. ಗೆಲುವು ಸೋಲುಗಳೆರಡನ್ನೂ ದಾಟಿಕೊಂಡು ತಿಂಗಳುಗಟ್ಟಲೆ ಮುಂದುವರಿಯುವ ಆಟದ ಸಾಲಿಗೆ ಹೆಸರಿಡುವ ಅಗತ್ಯವೇ ಬರಲಿಲ್ಲ. ಕ್ರಿಕೆಟ್ ವರದಿಗಳಲ್ಲಿ ಬಳಕೆಗೆ ಬಂದ ಪದಗಳು ಇವೆ ನಿಜ. ಅವು ಇಲ್ಲಿಗೆ ಹೊಂದುತ್ತವೆಯೇ ಎಂಬುದನ್ನು ನೋಡಬೇಕು.

‘ಋತು’ ಎಂಬುದು ಪತ್ರಿಕೆಗಳಲ್ಲಿ ಚೆನ್ನಾಗಿ ನಡೆಯುತ್ತದೆ. ‘ಈ ಋತುವಿನ ರಣಜಿ ಪಂದ್ಯಗಳು’ ಎಂದರೆ ಯಾರಿಗೂ ಗೊಂದಲವಿಲ್ಲ. ಆದರೆ ‘ತಂಡಕ್ಕೆ ಒಳ್ಳೆಯ ಋತು’ ಎಂದಾಗ ಹವೆಯ ಮಾತು ಬಂದಂತಾಗುತ್ತದೆ. ನನ್ನ ವರದಿಯಲ್ಲಂತೂ ಶರದೃತು, ಚಳಿ, ಮಳೆ ಇವೆಲ್ಲ ಪಂದ್ಯದ ಜೊತೆಯಲ್ಲಿಯೇ ಬರುವುದರಿಂದ ಯಾವ ಋತು ಯಾವುದೆಂದು ಓದುಗರು ತಡಕಾಡಬೇಕಾಗುತ್ತದೆ. ‘ಆವೃತ್ತಿ’ ಎಂಬುದು ಐಪಿಎಲ್, ಪ್ರೊ ಕಬಡ್ಡಿಯಂಥ ಪಂದ್ಯಾವಳಿಗಳಿಗೆ ಸಲ್ಲುತ್ತದೆ. ಟೂರ್ನಿಗೆ ಆವೃತ್ತಿಯಿರಬಹುದು, ಹದಿಮೂರು ವರ್ಷದ ಹುಡುಗರ ತಂಡಕ್ಕೆ ಆವೃತ್ತಿಯಿಲ್ಲ. ‘ಸರಣಿ’ ಎಂದರೆ ಒಂದೇ ಎದುರಾಳಿಯೊಡನೆ ಆಡುವ ಪಂದ್ಯಗಳು ಎಂಬ ಅರ್ಥ ಕ್ರಿಕೆಟ್‌ನಿಂದಾಗಿ ಬೇರೂರಿಬಿಟ್ಟಿದೆ. ‘ಸುಗ್ಗಿ’ ಎಂದರೆ ಸಮೃದ್ಧಿಯ ಸೂಚನೆ ಬರುತ್ತದೆ. ಎಲ್ಲ ಪಂದ್ಯಗಳನ್ನೂ ಸೋತ ತಂಡಕ್ಕೂ ‘ಸೀಸನ್’ ಇರುತ್ತದೆ, ಸುಗ್ಗಿ ಇರುವುದಿಲ್ಲ.

‘ಹಂಗಾಮು’ ಇವೆಲ್ಲಕ್ಕಿಂತ ಹತ್ತಿರದ ಪದವೆಂದು ನನಗೆ ತೋರುತ್ತದೆ. ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ಅರೆಯುವ ಹಂಗಾಮು ಎನ್ನುವಾಗ ಕಾಲವೂ ಆ ಕಾಲದಲ್ಲಿ ಮಾಡುವ ಕೆಲಸವೂ ಒಟ್ಟಿಗೆ ಬರುತ್ತವೆ. ‘ಈ ಹಂಗಾಮು ಕೈಹಿಡಿಯಲಿಲ್ಲ’ ಎಂದು ರೈತರು ಹೇಳುವ ಮಾತಿನಲ್ಲಿ ಒಟ್ಟು ದುಡಿಮೆಯ ಲೆಕ್ಕವೂ ಇದೆ. ಇದರ ಪಕ್ಕದಲ್ಲಿಯೇ ಸರ್ಕಾರಿ ಬಳಕೆಯ ‘ಹಂಗಾಮಿ’ ಕೂತಿದೆ. ‘ಹಂಗಾಮಿ ಅಧ್ಯಕ್ಷ’, ‘ಹಂಗಾಮಿ ನೌಕರ’ ಎಂಬ ಪ್ರಯೋಗಗಳಿಂದಾಗಿ ‘ಹಂಗಾಮಿನ ತಂಡ’ ಎಂದರೆ ತಾತ್ಕಾಲಿಕ ತಂಡವೆಂಬ ಅರ್ಥ ನುಸುಳುವ ಅಪಾಯವಿದೆ.

ಇವೆಲ್ಲದರ ನಡುವೆ ನನ್ನ ಮನಸ್ಸು ಹೋದದ್ದು ಯಕ್ಷಗಾನ ಮೇಳಗಳವರು ಬಳಸುವ ‘ತಿರುಗಾಟ’ದ ಕಡೆಗೆ. ಕರಾವಳಿಯ ಮೇಳಗಳು ಮಳೆಗಾಲ ಕಳೆದ ಮೇಲೆ ತಮ್ಮ ಕ್ಷೇತ್ರದಲ್ಲಿಯೇ ಮೊದಲ ಸೇವೆಯಾಟವನ್ನು ಆಡಿ ಹೊರಡುತ್ತವೆ. ಊರೂರು ಸುತ್ತಿ, ಮೇ ತಿಂಗಳಲ್ಲಿ ಪತ್ತನಾಜೆಯ (ತುಳುನಾಡಿನಲ್ಲಿ ಆಟ, ಉತ್ಸವಗಳಿಗೆಲ್ಲ ತೆರೆ ಬೀಳುವ ದಿನ) ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಈ ಒಟ್ಟು ಅವಧಿಯನ್ನು ‘ಈ ವರ್ಷದ ತಿರುಗಾಟ’ ಎನ್ನುತ್ತಾರೆ. ‘ಮೇಳಕ್ಕೆ ಇದು ಒಳ್ಳೆಯ ತಿರುಗಾಟ’, ‘ಅವರು ಆ ಮೇಳದಲ್ಲಿ ಹತ್ತು ತಿರುಗಾಟ ಮಾಡಿದ್ದಾರೆ’ ಎಂಬ ಮಾತುಗಳಲ್ಲಿ ಕಾಲ, ಪಯಣ, ಆಟಗಳ ಸಾಲು, ಕಲಾವಿದನ ಅನುಭವ ಎಲ್ಲವೂ ಅಡಗಿವೆ. ‘ತಂಡದಲ್ಲಿ ಅವನಿಗೆ ಇದು ಎರಡನೆಯ ಸೀಸನ್’ ಎಂಬ ವಾಕ್ಯವನ್ನು ‘ತಂಡದಲ್ಲಿ ಅವನಿಗೆ ಇದು ಎರಡನೆಯ ತಿರುಗಾಟ’ ಎಂದು ಬರೆದು ನೋಡಿದಾಗ ಕನ್ನಡ ತಾನಾಗಿ ಮಾತನಾಡಿದಂತೆ ನನಗೆ ಕೇಳಿಸಿತು. ತಮ್ಮದೇ ಅಂಗಳದಲ್ಲಿ ಆಡುವ ಪಂದ್ಯಗಳಿಗೆ ತಿರುಗಾಟ ಹೇಗೆ ಹೊಂದೀತು ಎಂದು ಆಕ್ಷೇಪಿಸಬಹುದು. ಆದರೆ ಮೇಳದ ಸೇವೆಯಾಟವೂ ಸ್ವಂತ ಕ್ಷೇತ್ರದಲ್ಲಿಯೇ ನಡೆಯುತ್ತದೆ, ಅದೂ ತಿರುಗಾಟದ ಲೆಕ್ಕಕ್ಕೇ ಸೇರುತ್ತದೆ. ನಿಜವಾದ ತೊಡಕು ಬೇರೆಯಿದೆ. ಘಟ್ಟದ ಮೇಲಿನವರಿಗೆ ‘ತಿರುಗಾಟ’ ಎಂದರೆ ಅಲೆದಾಟ, ಕೆಲವೊಮ್ಮೆ ಕೆಲಸವಿಲ್ಲದ ಸುತ್ತಾಟ. ಮಂಡ್ಯದ ಅಜ್ಜಿಯೊಬ್ಬರು ‘ಮೊಮ್ಮಗನ ತಿರುಗಾಟ ಚೆನ್ನಾಗಿತ್ತು’ ಎಂದು ಓದಿದರೆ ಓದು ಬರಹ ಬಿಟ್ಟು ಎಲ್ಲಿ ಸುತ್ತಲು ಹೋಗಿದ್ದನೋ ಎಂದು ಚಿಂತಿಸಬಹುದು. ‘ಪಂದ್ಯ ತಿರುಗಾಟ’ ಅಥವಾ ‘ತಂಡದ ತಿರುಗಾಟ’ ಎಂದು ಮೊದಲ ಬಾರಿಗೆ ವಿವರಿಸಿ, ಆಮೇಲೆ ಬರಿಯ ‘ತಿರುಗಾಟ’ ಎಂದು ಬಳಸಿದರೆ ಸಾಕೇ ಎಂಬುದನ್ನು ತಿಳಿಯಬಯಸುತ್ತೇನೆ.

ಇನ್ನು ಆಟದ ಒಳಗಿನ ಪದಗಳು. ರಗ್ಬಿ ಭಾರತಕ್ಕೆ ಹೊಸದೇನಲ್ಲ. 1870ರ ದಶಕದಲ್ಲಿ ಕಲ್ಕತ್ತಾದಲ್ಲಿದ್ದ ರಗ್ಬಿ ಕ್ಲಬ್ಬು ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಲ್ಕತ್ತಾ ಕಪ್ಪಿಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಸೆಣಸುತ್ತ ಬಂದಿವೆ. ಹಾಗಿದ್ದೂ ಈ ಆಟ ನಮ್ಮ ಶಾಲೆಗಳ ಅಂಗಳಕ್ಕೆ ಇಳಿಯಲಿಲ್ಲವಾದ್ದರಿಂದ ಪದಗಳೂ ಹುಟ್ಟಲಿಲ್ಲ. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಆಡಿದ ಮೇಲೆ ಕನ್ನಡದಲ್ಲಿ ರಗ್ಬಿ ವರದಿಗಳನ್ನು ಬರೆಯುವ ಸಂದರ್ಭ ಹೆಚ್ಚಲಿದೆ. ಈಗಲೇ ಪ್ರಯೋಗಗಳನ್ನು ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

‘ಟ್ರೈ’ ಎಂಬುದನ್ನು ಅನುವಾದಿಸಬಾರದು ಎಂಬುದು ನನ್ನ ಅಭಿಪ್ರಾಯ. ಎದುರಾಳಿಯ ಗೋಲುಗೆರೆಯ ಆಚೆ ಚೆಂಡನ್ನು ನೆಲಕ್ಕೆ ಊರಿದರೆ ಈಗ ಐದು ಅಂಕ. ಆದಿಯಲ್ಲಿ ಹಾಗೆ ಊರುವುದಕ್ಕೆ ಅಂಕವೇ ಇರಲಿಲ್ಲ. ಊರಿದ ತಂಡಕ್ಕೆ ಗೋಲಿನತ್ತ ಒದೆಯಲು ಪ್ರಯತ್ನಿಸುವ ಹಕ್ಕು ಮಾತ್ರ ಸಿಗುತ್ತಿತ್ತು, ಹೆಸರು ಬಂದದ್ದು ಅದರಿಂದ. ಮೌಲ್ಯ ಕಾಲಕಾಲಕ್ಕೆ ಏರುತ್ತ ಬಂದು 1992ರಲ್ಲಿ ನಾಲ್ಕರಿಂದ ಐದಾಯಿತು. ಇಂದು ಅದನ್ನು ‘ಪ್ರಯತ್ನ’ ಎಂದರೆ ಸಾಧನೆಯನ್ನೇ ಅಳಿಸಿದಂತಾಗುತ್ತದೆ. ಆದರೆ ‘ಟ್ರೈ’ ಎಂದು ಉಳಿಸಿಕೊಂಡರೂ ಕ್ರಿಯಾಪದದ ವಿಷಯದಲ್ಲಿ ಎಚ್ಚರ ಬೇಕು. ಆಡುಮಾತಿನಲ್ಲಿ ‘ಟ್ರೈ ಮಾಡಿದ’ ಎಂದರೆ ಯತ್ನಿಸಿದ ಎಂದೇ ಅರ್ಥ. ‘ಹುಡುಗ ಮೂರು ಟ್ರೈ ಮಾಡಿದ’ ಎಂದು ಬರೆದರೆ ಮೂರು ಸಲವೂ ವಿಫಲನಾದನೆಂದು ಓದುಗರು ಮರುಗಿಯಾರು. ಆದ್ದರಿಂದ ‘ಟ್ರೈ ಗಳಿಸಿದ’ ಎಂದೇ ಬರೆಯುತ್ತಿದ್ದೇನೆ. ವಿವರಣೆಯ ವಾಕ್ಯಗಳಲ್ಲಿ ‘ಗೆರೆಯಾಚೆ ಚೆಂಡೂರಿದ’ ಎಂದು ಬರೆದರೆ ಚಿತ್ರವೂ ಕಣ್ಣಿಗೆ ಕಟ್ಟುತ್ತದೆ. ರಗ್ಬಿಯಲ್ಲಿ ಗೆರೆ ದಾಟಿದರೆ ಸಾಲದು, ಚೆಂಡು ನೆಲಕ್ಕೆ ತಾಗಲೇಬೇಕು ಎಂಬ ನಿಯಮ ‘ಊರು’ ಎಂಬ ಧಾತುವಿನಲ್ಲಿಯೇ ಸೇರಿದೆ.

ಟ್ರೈ ಆದ ಮೇಲಿನ ಒದೆತಕ್ಕೆ ‘ಕನ್ವರ್ಷನ್’ ಎನ್ನುತ್ತಾರೆ; ಯಶಸ್ವಿಯಾದರೆ ಎರಡು ಅಂಕ. ಎರಡೂ ತಂಡಗಳು ಎರಡೆರಡು ಟ್ರೈ ಗಳಿಸಿ, ಒಂದು ತಂಡ ಮಾತ್ರ ಒಂದು ಒದೆತವನ್ನು ಗೋಲಿನ ಕಂಬಗಳ ನಡುವೆ ಕಳಿಸಿದರೆ ಪಂದ್ಯ 12–10ಕ್ಕೆ ಮುಗಿಯುತ್ತದೆ. ಚೆಂಡನ್ನು ಎಲ್ಲಿ ಊರಿದರೋ ಅದರ ನೇರದಲ್ಲಿ ಹಿಂದಕ್ಕೆ ಬಂದು ಒದೆಯಬೇಕು ಎಂಬ ನಿಯಮವಿರುವುದರಿಂದ, ಗೆರೆ ದಾಟಿದ ಹುಡುಗ ಬೆನ್ನಟ್ಟುವವರು ದೂರವಿದ್ದರೆ ಕೂಡಲೇ ಊರದೆ, ಮುಂದಿನ ಒದೆತ ಸುಲಭವಾಗಲೆಂದು ಕಂಬಗಳ ಕಡೆಗೆ ಓಡಿ, ಅಲ್ಲಿ ಊರುತ್ತಾನೆ. ಈ ಒದೆತವನ್ನು ‘ಪರಿವರ್ತನೆ’ ಎಂದು ಕರೆದರೆ ಆ ಓಡಾಟದ ಉದ್ದೇಶ ತಿಳಿಯುವುದಿಲ್ಲ. ‘ಟ್ರೈ ಮೇಲಿನ ಒದೆತ’ ಎಂಬುದು ಉದ್ದವಾದರೂ ಸ್ಪಷ್ಟವಾಗಿದೆ. ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ಸಂತೋಷ.

‘ಟ್ಯಾಕಲ್’ ಎಂಬುದು ಪ್ರೊ ಕಬಡ್ಡಿಯ ಮೂಲಕ ಈಗಾಗಲೇ ಮನೆಮನೆಯ ಮಾತಾಗಿರುವುದರಿಂದ ಅದನ್ನು ಹಾಗೆಯೇ ಬಿಡುತ್ತೇನೆ. ‘ಸ್ಕ್ರಮ್’ ಮಾತ್ರ ಚರ್ಚೆಗೆ ಯೋಗ್ಯ. ಒಂದೊಂದು ಕಡೆ ಎಂಟು ಮಂದಿ ಮೂರು ಸಾಲಾಗಿ ಬಾಗಿ, ತೋಳುಗಳಿಂದ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ರೆಫರಿಯ ‘ಕ್ರೌಚ್, ಬೈಂಡ್, ಸೆಟ್’ ಎಂಬ ಕೂಗಿಗೆ ಎದುರಿನವರ ಹೆಗಲಿಗೆ ಹೆಗಲು ಕೂಡಿಸಿ ತಳ್ಳುತ್ತಾರೆ. ನಡುವಿನ ಸುರಂಗಕ್ಕೆ ಚೆಂಡನ್ನು ಉರುಳಿಸುತ್ತಾರೆ. ಇದನ್ನು ‘ಗುಂಪು ಗುದ್ದಾಟ’, ‘ನೂಕುನುಗ್ಗಲು’ ಎಂಬ ಮಾತುಗಳಿಂದ ವಿವರಿಸುವುದು ಸರಿಯಲ್ಲ. ನೂಕುನುಗ್ಗಲಿನಲ್ಲಿ ಕ್ರಮವಿಲ್ಲ, ಸ್ಕ್ರಮ್ಮಿನಲ್ಲಿ ಎಲ್ಲವೂ ಕ್ರಮವೇ. 19 ವರ್ಷದೊಳಗಿನವರ ಆಟದಲ್ಲಂತೂ ಒಂದೂವರೆ ಮೀಟರಿಗಿಂತ ಹೆಚ್ಚು ಮುಂದಕ್ಕೆ ತಳ್ಳುವಂತಿಲ್ಲ ಎಂಬ ಮಿತಿಯಿದೆ. ‘ಹೆಗಲೊತ್ತು’ ಎಂಬ ಪದವನ್ನು ವಿವರಣೆಗಾಗಿ ಬಳಸಬಹುದೇ? ನೆಲಕ್ಕೆ ಬಿದ್ದ ಚೆಂಡಿನ ಮೇಲೆ ನಡೆಯುವ ‘ರಕ್’, ಕೈಯಲ್ಲಿ ಚೆಂಡು ಹಿಡಿದು ನಿಂತವನ ಸುತ್ತ ನಡೆಯುವ ‘ಮಾಲ್’ ಇವೆರಡನ್ನೂ ಬೇರ್ಪಡಿಸಿ ಹೇಳುವ ಕನ್ನಡ ಮಾತುಗಳು ಗರಡಿಯ ಪಟ್ಟುಗಳ ಹೆಸರುಗಳಲ್ಲಿ ಸಿಗಬಹುದು ಎಂಬ ಆಸೆ ನನಗಿದೆ.

ಗೆಲುವು ಸೋಲಿನ ಕ್ರಿಯಾಪದಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ನಮ್ಮ ಕ್ರೀಡಾಪುಟಗಳಲ್ಲಿ ‘ಬಗ್ಗುಬಡಿಯಿತು’, ‘ಮಣ್ಣುಮುಕ್ಕಿಸಿತು’, ‘ಧೂಳೀಪಟ ಮಾಡಿತು’ ಎಂಬ ಪ್ರಯೋಗಗಳು ಸಲೀಸಾಗಿ ಬರುತ್ತವೆ. ಮೈಗೆ ಮೈ ತಾಗುವ ಆಟದಲ್ಲಿ, ಅದೂ ಹದಿಮೂರು ವರ್ಷದ ಮಕ್ಕಳ ಆಟದಲ್ಲಿ, ಈ ಪದಗಳನ್ನು ಬಳಸಿದರೆ ಆಟ ಗೊತ್ತಿಲ್ಲದ ಓದುಗರು ಅವನ್ನು ಅಕ್ಷರಶಃ ತೆಗೆದುಕೊಂಡು ಗಾಬರಿಗೊಳ್ಳಬಹುದು; ಸೋತ ಶಾಲೆಯ ಮಕ್ಕಳೂ ಮಕ್ಕಳೇ ಎಂಬುದನ್ನು ಬರೆಯುವವರು ಮರೆಯಬಾರದು. ‘ಮೇಲುಗೈ ಸಾಧಿಸಿತು’, ‘ಎರಡು ಅಂಕಗಳ ಅಂತರದಿಂದ ಗೆದ್ದಿತು’, ‘ಹಿನ್ನಡೆ ಕಂಡಿತು’, ‘ಸಮಬಲ ಸಾಧಿಸಿತು’ ಇವೇ ನನಗೆ ಸಾಕು.

ಕೊನೆಯದಾಗಿ ತಂಡದ ಹೆಸರು. ‘14 ವರ್ಷದೊಳಗಿನವರ ತಂಡ’ ಎಂಬುದು ಪತ್ರಿಕೆಗಳ ರೂಢಿ, ‘ಕಿರಿಯರ ತಂಡ’ ಎಂಬುದು ಓದಲು ಸುಲಭ, ಎರಡನ್ನೂ ಬಳಸುತ್ತೇನೆ. ಆದರೆ ಕೆಲವು ಶಾಲೆಗಳಲ್ಲಿ ಈ ವಯಸ್ಸಿನವರಿಗೆ ‘ಜೂನಿಯರ್ ಕೋಲ್ಟ್ಸ್’ ಎಂಬ ಹೆಸರಿದೆ. ಕೋಲ್ಟ್ ಎಂದರೆ ಎಳೆಯ ಗಂಡು ಕುದುರೆ. ಕನ್ನಡದಲ್ಲಿ ಪ್ರಾಯಕ್ಕೆ ಬರುವ ಜಾನುವಾರಿಗೂ ಹುಡುಗರಿಗೂ ಸಮನಾಗಿ ಸಲ್ಲುವ ‘ಪಡ್ಡೆ’ ಎಂಬ ಪದ ಇದೆಯಾದರೂ ‘ಪಡ್ಡೆ ಹುಡುಗರು’ ಎಂದರೆ ಬೀದಿ ಕೊನೆಯಲ್ಲಿ ನಿಂತವರೇ ಕಣ್ಣ ಮುಂದೆ ಬರುತ್ತಾರೆ. ಆದ್ದರಿಂದ ಹೆಸರನ್ನು ಹೆಸರಾಗಿಯೇ ಉಳಿಸುವುದು ಲೇಸು.

ಯಕ್ಷಗಾನ ಬಲ್ಲವರಲ್ಲಿ ನನ್ನ ನಿರ್ದಿಷ್ಟ ಕೋರಿಕೆ ಹೀಗಿದೆ: ತಿರುಗಾಟ ಮುಗಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬೈ ಮುಂತಾದೆಡೆ ಹೋಗಿ ನೀಡುವ ಪ್ರದರ್ಶನಗಳನ್ನು ತಿರುಗಾಟದೊಳಗೆ ಸೇರಿಸುತ್ತಾರೆಯೇ, ಅಥವಾ ಅದಕ್ಕೆ ಬೇರೆ ಹೆಸರಿದೆಯೇ? ಇದೇ ಹುಡುಗರು ಕ್ರಿಸ್‌ಮಸ್ ರಜೆಯ ನಂತರ ಏಳೇಳು ಮಂದಿಯ ‘ಸೆವೆನ್ಸ್’ ಪಂದ್ಯಗಳನ್ನು ಆಡುತ್ತಾರೆ, ಶಾಲೆಯವರು ಅವನ್ನು ಮುಖ್ಯ ಸೀಸನ್ನಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಕ್ಕೂ ಒಂದು ಹೆಸರು ಬೇಕಾಗಿದೆ. ಹಾಗೆಯೇ ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳವರು ಒಂದೊಂದು ಊರಿನ ವಾಸ್ತವ್ಯಕ್ಕೆ ‘ಮುಕ್ಕಾಂ’, ‘ಕ್ಯಾಂಪು’ ಎನ್ನುವುದನ್ನು ಕೇಳಿದ್ದೇನೆ. ಇಡೀ ವರ್ಷದ ಆಟಗಳನ್ನು ಒಟ್ಟಾಗಿ ಸೂಚಿಸಲು ಅವರಲ್ಲಿ ಯಾವ ಪದವಿದೆ ಎಂಬುದನ್ನು ಆ ಭಾಗದವರು ತಿಳಿಸಬೇಕೆಂದು ಕೋರುತ್ತೇನೆ.